ಜೂಮ್‌ನಲ್ಲಿ ಎಲ್ಲರೂ ಒಟ್ಟಿಗೆ ನುಡಿಸೋಕೆ ಆಗುತ್ತಾ?

ಪ್ರಶ್ನೆ: ನಾನು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿದ್ದೇನೆ. ಇಲ್ಲಿ ಓಲ್ಡ್-ಟೈಮ್ ಸಂಗೀತದ ಗುಂಪೊಂದರಲ್ಲಿ ಬ್ಯಾಂಜೊ ಕಲಿಯುತ್ತಿದ್ದೇನೆ. ದೂರದ ಊರುಗಳ ಗೆಳೆಯರನ್ನೂ ಸೇರಿಸಿಕೊಂಡು ಒಂದು ವಾರಾಂತ್ಯ ಆನ್‌ಲೈನ್ ಕೂಟ ನಡೆಸೋಣ ಅಂತ ಮಾತಾಗಿದೆ. ಎಲ್ಲರೂ ಕೂತು ಒಟ್ಟಿಗೆ ನುಡಿಸುವ ಜ್ಯಾಮ್ ಇರಬೇಕು, ವರ್ಕ್‌ಶಾಪ್ ಕೂಡ ಇರಬೇಕು. ಜೂಮ್‌ನಲ್ಲಿ ಎಲ್ಲರೂ ಒಟ್ಟಿಗೆ ನುಡಿಸೋಕೆ ಆಗುತ್ತಾ? ಆಗಲ್ಲ ಅಂದರೆ ಜ್ಯಾಮ್ ಮಾಡೋದು ಹೇಗೆ?

ಉತ್ತರ: ಆಗಲ್ಲ. ಇಂಟರ್ನೆಟ್ ಎಷ್ಟೇ ವೇಗವಾಗಿದ್ದರೂ ಜೂಮ್‌ನಲ್ಲಿ ಅದು ಆಗಲ್ಲ. ಹಾಗಂತ ಕೂಟ ಕೈಬಿಡಬೇಕಾಗಿಲ್ಲ. ಒಟ್ಟಿಗೆ ನುಡಿಸುತ್ತಿದ್ದೇವೆ ಅನ್ನುವ ನಾಟಕವನ್ನು ಮೊದಲ ದಿನವೇ ಬಿಟ್ಟುಬಿಟ್ಟರೆ ಒಳ್ಳೆಯ ಕೂಟವನ್ನೇ ನಡೆಸಬಹುದು.

ಈ ಸಂಗೀತ ಗೊತ್ತಿಲ್ಲದವರಿಗೆ ಎರಡು ಮಾತು. ಓಲ್ಡ್-ಟೈಮ್ ಅಂದರೆ ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಕಡೆ ಮನೆಗಳಲ್ಲಿ, ಕುಣಿತದ ಕೂಟಗಳಲ್ಲಿ ಬೆಳೆದ ತಂತಿವಾದ್ಯಗಳ ಸಂಗೀತ. ಫಿಡಲ್, ಅಂದರೆ ಪಿಟೀಲು, ಬಂದದ್ದು ಯುರೋಪಿನಿಂದ. ಬ್ಯಾಂಜೊ ಬಂದದ್ದು ಗುಲಾಮರನ್ನಾಗಿ ಹಿಡಿದು ತಂದ ಆಫ್ರಿಕನ್ನರಿಂದ. ಜೊತೆಗೆ ಗಿಟಾರ್, ಬಾಸ್. ಹತ್ತು ಹದಿನೈದು ಜನ ವೃತ್ತವಾಗಿ ಕೂರುತ್ತಾರೆ, ಎಲ್ಲರೂ ಒಂದೇ ಟ್ಯೂನ್ ನುಡಿಸುತ್ತಾರೆ. ಮೊದಲ ಭಾಗ ಎರಡು ಸಲ, ಎರಡನೇ ಭಾಗ ಎರಡು ಸಲ, ಮತ್ತೆ ಶುರುವಿನಿಂದ. ಹೀಗೆ ಹತ್ತು ಹನ್ನೆರಡು ಸುತ್ತು. ಬ್ಲೂಗ್ರಾಸ್ ಎಂಬ ಇನ್ನೊಂದು ಅಮೆರಿಕನ್ ಶೈಲಿಯಲ್ಲಿ ಇರುವ ಹಾಗೆ ಒಬ್ಬೊಬ್ಬರೇ ಮುಂದೆ ಬಂದು ಕೈಚಳಕ ತೋರಿಸುವ ಸರದಿ ಇಲ್ಲಿಲ್ಲ. ಎಲ್ಲರ ಲಯ ಒಂದೇ ಆಗಿ, ಯಾವ ಸದ್ದು ಯಾರದ್ದು ಅಂತ ತಿಳಿಯದಷ್ಟು ಬೆರೆತು ಹೋಗುವುದೇ ಇದರ ಸುಖ. ಇಂಟರ್ನೆಟ್ಟಿಗೆ ಕೊಡಲಾಗದ್ದು ಸರಿಯಾಗಿ ಅದನ್ನೇ.

ಯಾಕೆ ಅಂತ ನೋಡೋಣ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೃತ್ತದಲ್ಲಿ ನಿಮ್ಮಿಂದ ಎರಡು ಮೀಟರ್ ಆಚೆ ಕೂತವರ ಫಿಡಲ್ ಆರು ಮಿಲಿಸೆಕೆಂಡ್‌ನಲ್ಲಿ ನಿಮ್ಮ ಕಿವಿಗೆ ಬಂದಿರುತ್ತದೆ. ತಡ ಅಂತ ಅನ್ನಿಸುವುದೇ ಇಲ್ಲ. ತಡ 25-30 ಮಿಲಿಸೆಕೆಂಡ್ ದಾಟಿತು ಅಂದರೆ ಲಯ ಹಿಡಿಯಲು ತಿಣುಕಾಟ ಶುರು. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ ಚೇಫ್ ಮತ್ತು ಅವರ ಸಂಗಡಿಗರು ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸಿ ಇದನ್ನು ಪರೀಕ್ಷೆ ಮಾಡಿದ್ದಾರೆ. ತಡ ಜಾಸ್ತಿಯಾದಷ್ಟೂ ಚಪ್ಪಾಳೆ ನಿಧಾನವಾಗುತ್ತಾ ಹೋಯಿತು. ತಮಾಷೆ ಅಂದರೆ, ತಡ ತೀರಾ ಕಡಿಮೆ ಇದ್ದಾಗ ಓಡತೊಡಗಿತು!

ಜೂಮ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಸದ್ದು ತಲುಪಲು ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಬೇಕು. ಕುಣಿತದ ಟ್ಯೂನ್ ಒಂದು ನಿಮಿಷಕ್ಕೆ 120 ಹೆಜ್ಜೆಯಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಹೆಜ್ಜೆಗೆ ನಾಲ್ಕು ಸ್ವರ ಅಂದರೆ ಒಂದೊಂದು ಸ್ವರಕ್ಕೆ ಸಿಗುವುದು 125 ಮಿಲಿಸೆಕೆಂಡ್. ಅಂದರೆ ನೀವು ಕೇಳುವ ಹೊತ್ತಿಗೆ ಅತ್ತ ಕಡೆಯವರು ಒಂದು ಸ್ವರ ಮುಂದೆ ಹೋಗಿರುತ್ತಾರೆ. ನೀವು ಅವರನ್ನು ಹಿಡಿದು ನುಡಿಸುತ್ತೀರಿ. ನಿಮ್ಮ ಸದ್ದು ವಾಪಸ್ ಹೋಗಿ ಅವರಿಗೆ ಕೇಳುವಾಗ ಎರಡು ಸ್ವರ ಹಿಂದೆ. ಪಾಪ, ನೀವು ಹಿಂದೆ ಬಿದ್ದಿದ್ದೀರಿ ಅಂತ ಅವರು ಕಾಯುತ್ತಾರೆ. ನೀವೂ ಕಾಯುತ್ತೀರಿ. ಎರಡು ಸುತ್ತಿನೊಳಗೆ ಟ್ಯೂನ್ ನಿಂತೇ ಹೋಗುತ್ತದೆ. ಲಾಕ್‌ಡೌನ್‌ನಲ್ಲಿ ಜೂಮ್ ಭಜನೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೇಳಿಕೊಡುವವರ ಸಾಲು ಚೆನ್ನಾಗಿಯೇ ಕೇಳುತ್ತದೆ, ಎಲ್ಲರೂ ಮರಳಿ ಹೇಳುವಾಗ ತಾಳ ಚೆಲ್ಲಾಪಿಲ್ಲಿ.

‘ಫೈಬರ್ ಹಾಕಿಸಿದರೆ ಸರಿಹೋಗುತ್ತಾ?’ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ. ಫೈಬರ್ ಎಳೆಯೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ವರ್ಜೀನಿಯಾಗೆ ಸುಮಾರು 14,000 ಕಿಲೋಮೀಟರ್. ನೇರ ಗೆರೆ ಎಳೆದಂತೆ ಕೇಬಲ್ ಹಾಕಿದರೂ ಒಂದು ಕಡೆಗೆ 70 ಮಿಲಿಸೆಕೆಂಡ್ ಬೇಕು. ಬೆಳಕಿನ ವೇಗಕ್ಕೆ ಯಾವ ಕಂಪನಿಯ ಪ್ಲಾನ್ ಹಾಕಿಸಿಯೂ ಉಪಯೋಗವಿಲ್ಲ.

ಹತ್ತಿರದಲ್ಲಿ ಇರುವವರಿಗೆ ಮಾತ್ರ ದಾರಿ ಇದೆ. ಅದೇ ಚೇಫ್ ಮತ್ತು ಹ್ವಾನ್-ಪಾಬ್ಲೊ ಕಾಸೆರೆಸ್ ಸೇರಿ ಮಾಡಿದ ಜ್ಯಾಕ್‌ಟ್ರಿಪ್, ಫೋಲ್ಕರ್ ಫಿಷರ್ ಮಾಡಿದ ಜ್ಯಾಮುಲಸ್, ಸೋನೋಬಸ್. ಇವೆಲ್ಲ ಸಂಗೀತಕ್ಕೆ ಅಂತಲೇ ಬರೆದ ಸಾಫ್ಟ್‌ವೇರ್‌ಗಳು. ಸದ್ದನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಜಾಸ್ತಿ ಕೂಡಿಟ್ಟುಕೊಳ್ಳದೆ, ಆಗಿಂದಾಗ ಕಳಿಸುತ್ತವೆ. ಕೆಲವು ನೂರು ಕಿಲೋಮೀಟರ್ ಒಳಗಿನ ನಾಲ್ಕೈದು ಜನ ಇವುಗಳಲ್ಲಿ ನಿಜಕ್ಕೂ ಒಟ್ಟಿಗೆ ನುಡಿಸಬಹುದು. ಆದರೆ ವೈ-ಫೈ ನಡೆಯುವುದಿಲ್ಲ, ರೌಟರ್‌ನಿಂದ ಕೇಬಲ್ ಎಳೆಯಬೇಕು. ಬ್ಲೂಟೂತ್ ಇಯರ್‌ಫೋನ್ ಅಂತೂ ಬೇಡವೇ ಬೇಡ, ತಡವನ್ನು ಅದೇ ಎಷ್ಟೋ ಜಾಸ್ತಿ ಮಾಡಿಬಿಡುತ್ತದೆ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪುಟ್ಟ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್, ಇದ್ದರೆ ಒಳ್ಳೆಯದು. ಎಪ್ಪತ್ತು ದಾಟಿದ ಫಿಡಲ್ ಅಜ್ಜನಿಗೆ ಫೋನ್‌ನಲ್ಲೇ ಹೇಳಿಕೊಟ್ಟು ಕಂಪ್ಯೂಟರ್‌ಗೆ ಅದರ ಡ್ರೈವರ್ ಸಾಫ್ಟ್‌ವೇರ್ ಹಾಕಿಸುವ ತಾಳ್ಮೆ ನಿಮಗಿದ್ದರೆ ಇದನ್ನು ಪಕ್ಕದ ಕೋಣೆಯಾಗಿ ಇಟ್ಟುಕೊಳ್ಳಿ. ಇಡೀ ಕೂಟವನ್ನು ಇದರ ಮೇಲೆ ಕಟ್ಟಬೇಡಿ.

ಹಾಗಾದರೆ ಜ್ಯಾಮ್ ಹೇಗೆ? ಒಬ್ಬರು ನುಡಿಸುತ್ತಾರೆ. ಉಳಿದವರೆಲ್ಲ ಮ್ಯೂಟ್ ಮಾಡಿಕೊಂಡು, ತಮ್ಮ ತಮ್ಮ ಮನೆಯಲ್ಲಿ, ಆ ಒಬ್ಬರ ಜೊತೆ ನುಡಿಸುತ್ತಾರೆ. ನಿಮಗೆ ಕೇಳುವುದು ಅವರ ಸದ್ದು ಮತ್ತು ನಿಮ್ಮ ಸದ್ದು, ಎರಡೇ. ಅದು ಸರಿಯಾಗಿಯೇ ಕೂಡುತ್ತದೆ, ಯಾಕಂದರೆ ಅವರು ನಿಮಗೋಸ್ಕರ ಕಾಯುತ್ತಿಲ್ಲ. ಟ್ಯೂನ್ ಮುಗಿದ ಮೇಲೆ ಸರದಿ ಮುಂದಿನವರಿಗೆ. ಕೇಳಲು ಸಪ್ಪೆ ಅನ್ನಿಸಬಹುದು. ಹೊಸಬರಿಗೆ ಮಾತ್ರ ಇದೊಂದು ವರ. ಎದುರಾಬದುರಾ ಜ್ಯಾಮ್‌ನಲ್ಲಿ ಹಿಂದಿನ ಸಾಲಲ್ಲಿ ಕೂತು, ಯಾರಿಗೂ ಕೇಳದಂತೆ ತಂತಿ ಮುಟ್ಟುತ್ತಿದ್ದವರು ಇಲ್ಲಿ ಜೋರಾಗಿ ತಪ್ಪು ನುಡಿಸಬಹುದು.

ಕಷ್ಟ ಇರುವುದು ಮುಂದೆ ನುಡಿಸುವವರಿಗೆ. ಮೂವತ್ತು ಜನ ಜೊತೆಗಿದ್ದರೂ ಅವರ ಕಿವಿಗೆ ಬರುವುದು ಮೌನ. ಅದಕ್ಕೇ ಒಂದೇ ಮನೆಯಲ್ಲಿ ಇರುವ ಜೋಡಿಯನ್ನು ಹುಡುಕಿ. ಒಬ್ಬರು ಫಿಡಲ್, ಒಬ್ಬರು ಬ್ಯಾಂಜೊ ಅಥವಾ ಗಿಟಾರ್. ಅಲ್ಲಿ ಲಯ ಆಗಲೇ ಕೂತಿರುತ್ತದೆ, ಕೇಳುವವರಿಗೂ ಒರಗಿಕೊಳ್ಳಲು ಗಟ್ಟಿ ಆಸರೆ. ಗಂಟೆಯ ಜ್ಯಾಮ್‌ನಲ್ಲಿ ಮೊದಲ ಇಪ್ಪತ್ತು ನಿಮಿಷ ಇಂಥ ಜೋಡಿಗೆ ಕೊಟ್ಟು, ಆಮೇಲೆ ಸರದಿ ತಿರುಗಿಸಿ. ಸರದಿ ಬೇಡ ಅನ್ನುವವರನ್ನು ಒತ್ತಾಯ ಮಾಡಬೇಡಿ.

ವೃತ್ತದಲ್ಲಿ ಕಣ್ಣಿಗೆ ಬೀಳುವ ಎಷ್ಟೋ ಸನ್ನೆಗಳು ಪರದೆ ಮೇಲೆ ಬೀಳುವುದಿಲ್ಲ. ಟ್ಯೂನ್ ಮುಗಿಸುವಾಗ ಓಲ್ಡ್-ಟೈಮ್‌ನವರು ಒಂದು ಕಾಲು ಎತ್ತುತ್ತಾರೆ. ಕ್ಯಾಮೆರಾದಲ್ಲಿ ಕಾಲು ಎಲ್ಲಿ ಕಾಣಬೇಕು? ಹಾಗಾಗಿ ‘ಕೊನೆ ಸುತ್ತು’ ಅಂತ ಬಾಯಲ್ಲೇ ಹೇಳಬೇಕು. ಶುರುವಿನಲ್ಲಿ ಫಿಡಲ್‌ನವರು ‘ನಾಲ್ಕು ಆಲೂಗಡ್ಡೆ’ ನುಡಿಸುತ್ತಾರಲ್ಲ, ವೇಗ ತೋರಿಸಲು ಬಿಲ್ಲಿನಲ್ಲಿ ನಾಲ್ಕು ಪೆಟ್ಟು, ಅದನ್ನು ಮಾತ್ರ ತಪ್ಪಿಸಲೇಬಾರದು. ಟ್ಯೂನಿನ ಹೆಸರು, ಶ್ರುತಿ, ಯಾರಿಂದ ಕಲಿತದ್ದು ಅನ್ನುವುದನ್ನು ಯಾರಾದರೂ ಒಬ್ಬರು ಚಾಟ್‌ನಲ್ಲಿ ಹಾಕುತ್ತಾ ಇರಲಿ.

ಶ್ರುತಿಯ ವಿಷಯ ನಿಮಗೆ ಗೊತ್ತೇ ಇದೆ, ಬ್ಯಾಂಜೊದವರು. ಡಿ ಶ್ರುತಿಯ ಟ್ಯೂನಿನಿಂದ ಎ ಶ್ರುತಿಗೆ ಹೋಗಬೇಕಾದರೆ ಬ್ಯಾಂಜೊ ತಂತಿಗಳನ್ನೇ ತಿರುಗಿಸಬೇಕು. ಫಿಡಲ್‌ನವರೂ ಎಷ್ಟೋ ಸಲ ಮಾಮೂಲಿ ಜಿ-ಡಿ-ಎ-ಇ ಬಿಟ್ಟು ಎ-ಇ-ಎ-ಇಗೆ ಏರಿಸಿಕೊಳ್ಳುತ್ತಾರೆ. ಹಾಗಾಗಿ ಮನೆಯ ಜ್ಯಾಮ್‌ನಲ್ಲೂ ಗಂಟೆಗಟ್ಟಲೆ ಒಂದೇ ಶ್ರುತಿಯಲ್ಲಿ ಇರುವುದು ರೂಢಿ. ಆನ್‌ಲೈನ್‌ನಲ್ಲಿ ಇದನ್ನು ವೇಳಾಪಟ್ಟಿಗೇ ಹಾಕಿಬಿಡಿ. ಸಂಜೆ ಏಳರಿಂದ ಎಂಟು ಡಿ, ಎಂಟು ಹತ್ತರಿಂದ ಒಂಬತ್ತು ಹತ್ತರವರೆಗೆ ಎ. ನಡುವೆ ಹತ್ತು ನಿಮಿಷ ಬಿಡುವು. ನಿಧಾನದ ಜ್ಯಾಮ್‌ಗೆ ಬೇರೆ ಕೋಣೆ ಇರಲಿ. ಒಂದು ಕೋಣೆಯಲ್ಲಿ ಹನ್ನೆರಡು ಜನಕ್ಕಿಂತ ಜಾಸ್ತಿ ಆದರೆ ಸರದಿ ಬರುವುದರೊಳಗೆ ನಿದ್ದೆ ಬರುತ್ತದೆ.

ಈಗ ಜೂಮ್‌ನ ಒಂದು ಕೆಟ್ಟ ಚಾಳಿ. ಅದನ್ನು ಕಟ್ಟಿದ್ದು ಮಾತಿಗೆ. ಫ್ಯಾನ್ ಸದ್ದು, ಎಸಿ ಸದ್ದಿನ ಹಾಗೆ ಒಂದೇ ಸಮನೆ ಬರುವುದನ್ನೆಲ್ಲ ಗಲಾಟೆ ಅಂತ ಅಳಿಸುತ್ತದೆ. ಓಲ್ಡ್-ಟೈಮ್ ಫಿಡಲ್‌ನಲ್ಲಿ ಪಕ್ಕದ ತಂತಿಯ ಶ್ರುತಿ ಒಂದೇ ಸಮನೆ ಮೊರೆಯುತ್ತಿರುತ್ತದೆ. ಅದನ್ನೂ ಅಳಿಸಲು ನೋಡುತ್ತದೆ. ಸದ್ದು ಬಂದು ಬಂದು ಮುಳುಗಿದ ಹಾಗೆ ಕೇಳುವುದು ಇದಕ್ಕೇ. ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಅನ್ನುವುದನ್ನು ಆನ್ ಮಾಡಿ. ಅದರೊಳಗೆ ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್ ಕೂಡ ಇದೆ, 2020ರಲ್ಲಿ ಸೇರಿಸಿದ್ದು. ಎಕೋ ತೆಗೆಯುವುದನ್ನು ಆಫ್ ಮಾಡುವುದಾದರೆ ಹೆಡ್‌ಫೋನ್ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಸ್ಪೀಕರಿನ ಸದ್ದು ಮೈಕಿಗೆ ಬಂದು ಗುಂಯ್ ಅನ್ನುತ್ತದೆ. ಸೆಟ್ಟಿಂಗ್ ಸರಿಯಾಗಿರಬೇಕಾದ್ದು ನುಡಿಸುವವರ ಕಡೆ, ಕೇಳುವವರ ಕಡೆ ಅಲ್ಲ. ಕಲಿಸಲು ಬರುವವರನ್ನೆಲ್ಲ ಕೂಟಕ್ಕೆ ಒಂದು ವಾರ ಮುಂಚೆ ಹದಿನೈದು ನಿಮಿಷ ಕರೆಸಿ, ಸದ್ದು ನೋಡಿ. ಇಷ್ಟು ಮಾಡದ ಕೂಟಗಳಲ್ಲಿ ಮೊದಲ ಅರ್ಧ ಗಂಟೆ ‘ಕೇಳಿಸ್ತಿದೆಯಾ?’ದಲ್ಲೇ ಹೋಗುತ್ತದೆ.

ವರ್ಕ್‌ಶಾಪ್ ಕಥೆ ಬೇರೆ. ನನ್ನ ಪ್ರಕಾರ ಆನ್‌ಲೈನ್ ಕೂಟದ ನಿಜವಾದ ಬಲ ಇರುವುದು ಇಲ್ಲೇ. ಅಮೆರಿಕದ ಕನ್ನಡ ಮನೆಗಳ ಮಕ್ಕಳು ಬೆಂಗಳೂರು, ಮೈಸೂರಿನ ಗುರುಗಳಿಂದ ವಿಡಿಯೊ ಕರೆಯಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಾ ಬಂದಿದ್ದಾರಲ್ಲ. ಗುರುಗಳು ಹಾಡುತ್ತಾರೆ, ಶಿಷ್ಯರು ಮರಳಿ ಹಾಡುತ್ತಾರೆ. ಸರದಿಯ ಮೇಲೆ ನಡೆಯುವ ಪಾಠಕ್ಕೆ ತಡ ಅಡ್ಡ ಬರುವುದಿಲ್ಲ. ಓಲ್ಡ್-ಟೈಮ್ ಪಾಠವೂ ಕಿವಿಯಿಂದಲೇ. ಫಿಡಲ್, ಬ್ಯಾಂಜೊ ವಾದಕ ಟಾಮಿ ಜ್ಯಾರೆಲ್ (1901–1985) ನಾರ್ತ್ ಕ್ಯಾರೊಲೈನಾದ ಮೌಂಟ್ ಏರಿ ಹತ್ತಿರದ ತಮ್ಮ ಮನೆಗೆ ಬಂದ ಹುಡುಗ ಹುಡುಗಿಯರಿಗೆಲ್ಲ ಎದುರು ಕೂರಿಸಿ ನುಡಿಸಿ ತೋರಿಸುತ್ತಿದ್ದರು. ಆ ಎದುರು ಕೂರುವುದನ್ನು ಕ್ಯಾಮೆರಾ ಸುಮಾರಾಗಿ ಕೊಡುತ್ತದೆ. ಇಪ್ಪತ್ತು ಜನರ ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಗುರುವಿನ ಬಲಗೈ ಕಾಣುವುದಿಲ್ಲ. ಇಲ್ಲಿ ಎಲ್ಲರಿಗೂ ಮುಂದಿನ ಬೆಂಚು. ಬ್ಯಾಂಜೊ ಪಾಠಕ್ಕೆ ಎರಡನೇ ಫೋನನ್ನು ಬಲಗೈಗೇ ಹಿಡಿದು ನಿಲ್ಲಿಸಿ. ಕ್ಲಾಹ್ಯಾಮರ್ ಶೈಲಿಯಲ್ಲಿ ಉಗುರು ಕೆಳಗೆ ಬಂದು ಹೆಬ್ಬೆರಳು ಐದನೇ ತಂತಿ ಬಿಡುವ ಆ ಕ್ಷಣ ಕಂಡರೆ ಅರ್ಧ ಪಾಠ ಮುಗಿದ ಹಾಗೆ.

ಗುರುವಿಗೆ ಒಂದೇ ತೊಂದರೆ, ಯಾರು ಎಲ್ಲಿ ಎಡವಿದರು ಅಂತ ಕೇಳುವುದಿಲ್ಲ. ಅದಕ್ಕೆ ಪ್ರತಿ ತುಂಡು ಕಲಿಸಿದ ಮೇಲೆ ಧೈರ್ಯ ಇರುವ ಒಬ್ಬರನ್ನು ಅನ್‌ಮ್ಯೂಟ್ ಮಾಡಿ ನುಡಿಸಲು ಹೇಳಲಿ. ಒಬ್ಬರ ತಪ್ಪು ಸಾಮಾನ್ಯವಾಗಿ ಹತ್ತು ಜನರ ತಪ್ಪೇ ಆಗಿರುತ್ತದೆ. ಗಂಟೆಗೆ ಒಂದೇ ಟ್ಯೂನ್ ಸಾಕು. ರೆಕಾರ್ಡಿಂಗ್ ಕೊಡುವಿರಾದರೆ ಗುರುವಿನ ಒಪ್ಪಿಗೆ ಮೊದಲೇ ಕೇಳಿ, ಅದರ ದುಡ್ಡನ್ನೂ ಸೇರಿಸಿ ಕೊಡಿ. ಗುರು ಇರುವ ಜಾಗದ ಇಂಟರ್ನೆಟ್ ಕೂಡ ವಿಚಾರಿಸಿ. ವೆಸ್ಟ್ ವರ್ಜೀನಿಯಾದ ಪೋಕಹಾಂಟಸ್ ಕೌಂಟಿ ಹ್ಯಾಮನ್ಸ್ ಕುಟುಂಬದಂಥ ದೊಡ್ಡ ಫಿಡಲ್, ಬ್ಯಾಂಜೊ ಮನೆತನದ ನೆಲ. ಅಲ್ಲೇ ಗ್ರೀನ್ ಬ್ಯಾಂಕ್ ರೇಡಿಯೋ ದೂರದರ್ಶಕ ಇದೆ, ಸುತ್ತಲೂ 1958ರಿಂದ ರೇಡಿಯೋ ತರಂಗಗಳಿಗೆ ಕಟ್ಟುಪಾಡು. ಆಕಾಶದ ಸದ್ದು ಕೇಳಲು ಅಂತ ಮೊಬೈಲ್ ಸಿಗ್ನಲ್ಲೇ ಸರಿಯಾಗಿ ಸಿಗದ ಊರು ಅದು!

ಹಾಡಿಕೆ, ಹಳೆಯ ರೆಕಾರ್ಡಿಂಗ್ ಕೇಳಿಸಿ ಮಾತಾಡುವುದು, ಇವಕ್ಕೂ ಒಂದೊಂದು ಗಂಟೆ ಇಡಿ. ಅಲನ್ ಜಬ್ಬೂರ್ ಎಂಬುವವರು 1966–67ರಲ್ಲಿ ವರ್ಜೀನಿಯಾದ ಗ್ಲೆನ್ ಲಿನ್‌ನ ಮುದುಕ ಹೆನ್ರಿ ರೀಡ್ ಅವರ ಫಿಡಲ್ ರೆಕಾರ್ಡ್ ಮಾಡಿಕೊಂಡಿದ್ದರು. ಅದು ಲೈಬ್ರರಿ ಆಫ್ ಕಾಂಗ್ರೆಸ್‌ನ ಸೈಟಿನಲ್ಲಿ ಯಾರು ಬೇಕಾದರೂ ಕೇಳುವಂತೆ ಇದೆ. ಒಂದು ಎಚ್ಚರ. ಟ್ಯೂನ್ ಯಾರ ಸ್ವತ್ತೂ ಅಲ್ಲ ಅಂದ ಮಾತ್ರಕ್ಕೆ ಅದರ ರೆಕಾರ್ಡಿಂಗ್ ಯಾರ ಸ್ವತ್ತೂ ಅಲ್ಲ ಅಂತಲ್ಲ. ಫಿಡಲ್ ವಾದಕ ಎಕ್ ರಾಬರ್ಟ್‌ಸನ್ 1922ರಲ್ಲಿ ವಿಕ್ಟರ್ ಕಂಪನಿಗೆ ನುಡಿಸಿದ್ದು ಅಮೆರಿಕದಲ್ಲಿ ಈಗ ಮುಕ್ತ. 1960ರ ದಶಕದ ಎಲ್‌ಪಿ ಮುಕ್ತ ಅಲ್ಲ. ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡುವುದಾದರೆ ನೀವೇ ನುಡಿಸಿದ ಸಾಂಪ್ರದಾಯಿಕ ಟ್ಯೂನಿಗೂ ಅಲ್ಲಿನ ಯಂತ್ರ ‘ಇದು ಬೇರೆಯವರ ರೆಕಾರ್ಡಿಂಗ್’ ಅಂತ ತಪ್ಪಾಗಿ ದೂರು ಹಾಕುವುದುಂಟು. ಗಾಬರಿ ಬೇಡ, ಆಕ್ಷೇಪಣೆ ಸಲ್ಲಿಸಿದರಾಯಿತು.

ಇಷ್ಟೆಲ್ಲ ಮಾಡಿಯೂ ಜನ ಎರಡನೇ ದಿನ ಬರದೇ ಹೋಗಬಹುದು. ಕಾರಣ ಸಾಮಾನ್ಯವಾಗಿ ಒಂದೇ: ಸುಮ್ನೆ ಕೂತು ಹರಟೆ ಹೊಡೆಯಲು ಜಾಗ ಇಟ್ಟಿರುವುದಿಲ್ಲ. ವರ್ಜೀನಿಯಾದ ಗ್ಯಾಲಾಕ್ಸ್‌ನಲ್ಲಿ 1935ರಿಂದ ಫಿಡಲ್‌ನವರ ಮೇಳ ನಡೆಯುತ್ತಿದೆ, ವೆಸ್ಟ್ ವರ್ಜೀನಿಯಾದ ಕ್ಲಿಫ್‌ಟಾಪ್‌ನಲ್ಲಿ 1990ರಿಂದ. ಎರಡೂ ಕಡೆ ವೇದಿಕೆಯ ಸ್ಪರ್ಧೆಗಿಂತ ಡೇರೆಗಳ ನಡುವಿನ ಓಡಾಟಕ್ಕೆ ಹೋಗುವವರೇ ಜಾಸ್ತಿ. 2020ರಲ್ಲಿ ಎರಡೂ ರದ್ದಾದಾಗ ಜನಕ್ಕೆ ತಪ್ಪಿದ್ದು ಈ ಓಡಾಟ. ಆದ್ದರಿಂದ ಇಡೀ ವಾರಾಂತ್ಯ ತೆರೆದಿರುವ ಒಂದು ಕೋಣೆ ಇಡಿ. ಕಾರ್ಯಕ್ರಮ ಬೇಡ, ನಿರೂಪಕರು ಬೇಡ. ಬಂದವರನ್ನು ಮಾತಾಡಿಸುವ ಸ್ವಭಾವದ ಒಬ್ಬರು ಅಲ್ಲಿದ್ದರೆ ಸಾಕು. ಬೇರೆ ಕೋಣೆಗಳಿಗೆ ಜನರೇ ಹೋಗಿಬರುವ ಹಾಗೆ ಬ್ರೇಕ್‌ಔಟ್ ರೂಮಿನ (ಜೂಮ್‌ನೊಳಗಿನ ಚಿಕ್ಕ ಕೋಣೆಗಳ) ಆಯ್ಕೆಯನ್ನು ಅವರಿಗೇ ಬಿಟ್ಟುಬಿಡಿ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ದರ ಇಡಿ, ಕೊಡಲಾಗದವರಿಗೆ ಉಚಿತ ಅಂತ ಸ್ಪಷ್ಟವಾಗಿ ಬರೆಯಿರಿ, ಕಲಿಸುವವರಿಗೆ ಮೊದಲು ಕೊಡಿ.

ಹೊತ್ತು ಮಾತ್ರ ಎಚ್ಚರದಿಂದ ಗೊತ್ತು ಮಾಡಿ. ನಿಮ್ಮ ಊರಿನ ಬೇಸಿಗೆಯ ರಾತ್ರಿ ಎಂಟು ಗಂಟೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಐದು, ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಐದೂವರೆ. ಭಾರತದಿಂದ ಸೇರುವ ಗೆಳೆಯರಿದ್ದರೆ ನಿಮ್ಮ ಬೆಳಗಿನ ಹತ್ತು ಗಂಟೆಗೆ ಒಂದು ವರ್ಕ್‌ಶಾಪ್ ಇಡಿ, ಅವರಿಗೆ ಸಂಜೆ ಏಳೂವರೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಯಾವ ವಾರಾಂತ್ಯ ಆರಿಸಿದರೂ ಈ ಎರಡನ್ನು ಬಿಟ್ಟು ಆರಿಸಿ.