ಎವರೆಸ್ಟ್ ತುದಿಗೆ ಸಮುದ್ರ ಹತ್ತಿತ್ತಾ?

ಪ್ರಶ್ನೆ: ಎವರೆಸ್ಟ್ ಮೇಲೆ ಸಮುದ್ರ ಜೀವಿಗಳ ಪಳೆಯುಳಿಕೆ ಸಿಗುತ್ತವಂತೆ. ಹಾಗಾದರೆ ಒಂದು ಕಾಲದಲ್ಲಿ ಸಮುದ್ರ ಅಷ್ಟು ಎತ್ತರಕ್ಕೆ ಏರಿತ್ತೇ?

ಇಲ್ಲ. ಹೋದ ಸಲವೂ ಇಲ್ಲ ಎಂದೇ ಬರೆದಿದ್ದೆ, ಅದರ ಹಿಂದಿನ ಸಲವೂ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಪಳೆಯುಳಿಕೆ ಸಿಗುವುದೇನೋ ನಿಜ. ಎವರೆಸ್ಟ್‌ನ ತುತ್ತತುದಿಯಲ್ಲಿರುವುದು ಸಮುದ್ರದ ತಳದಲ್ಲಿ ಹುಟ್ಟಿದ ಸುಣ್ಣಕಲ್ಲು. ವಯಸ್ಸು 45 ಕೋಟಿ ವರ್ಷಕ್ಕೂ ಜಾಸ್ತಿ. ಅದರಲ್ಲಿ ಟ್ರೈಲೋಬೈಟ್ ಎಂಬ, ಈಗ ಅಳಿದುಹೋಗಿರುವ ಕಡಲಜೀವಿಗಳ ಚೂರುಗಳಿವೆ. ಗಂಡಕಿ ನದಿಯ ಸಾಲಿಗ್ರಾಮದೊಳಗೆ ಕಾಣುವ ಚಕ್ರವೂ ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪೇ.

ಈಗ ನೀರಿನ ಲೆಕ್ಕ. ಭೂಮಿಯ ಮೇಲಿನ ಮಂಜುಗಡ್ಡೆಯೆಲ್ಲ ಕರಗಿದರೂ ಸಮುದ್ರ ಏರುವುದು 70 ಮೀಟರ್ ಆಸುಪಾಸು. ಎವರೆಸ್ಟ್ ಎತ್ತರ 8,849 ಮೀಟರ್. ಅದು ಮುಳುಗಬೇಕಾದರೆ ಈಗಿನ ಎಲ್ಲ ಸಾಗರಗಳ ನೀರಿನ ಮೂರು ಪಟ್ಟಿಗಿಂತ ಜಾಸ್ತಿ ನೀರು ಹೊಸದಾಗಿ ಬೇಕು. ಎಲ್ಲಿಂದ ಬಂತು? ಬಂದದ್ದು ಎಲ್ಲಿಗೆ ಹೋಯಿತು? 'ಭೂಮಿಯ ಆಳದಲ್ಲಿ ಸಾಗರವೇ ಇದೆಯಂತಲ್ಲ' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿರುವುದು ಅಲೆಯಾಡುವ ನೀರಲ್ಲ ಸ್ವಾಮಿ. ನೂರಾರು ಕಿಲೋಮೀಟರ್ ಕೆಳಗೆ ಖನಿಜದ ಹರಳಿನೊಳಗೇ ಸೇರಿಕೊಂಡಿರುವ ಅಂಶ ಅದು.

ಇನ್ನೊಂದು ಮಾತು. ನೀರು ಏರಿ ಇಳಿದಿದ್ದರೆ ಚಿಪ್ಪುಗಳು ಬೆಟ್ಟದ ಮೇಲೆ ಚೆಲ್ಲಿಕೊಂಡಿರಬೇಕಿತ್ತು. ಆದರೆ ಅವು ಬಂಡೆಯ ಒಳಗೆ, ಪದರ ಪದರದಲ್ಲಿ ಇವೆ. ಆ ಪದರಗಳೂ ಮಡಚಿ, ವಾಲಿ ನಿಂತಿವೆ. 5,895 ಮೀಟರ್ ಎತ್ತರದ ಕಿಲಿಮಂಜಾರೋ ಬಂಡೆಗಳಲ್ಲಿ ಇಂಥ ಚಿಪ್ಪಿಲ್ಲ, ಯಾಕೆಂದರೆ ಅದು ಜ್ವಾಲಾಮುಖಿ ಕಟ್ಟಿದ ಬೆಟ್ಟ. ಪ್ರವಾಹ ಅದೊಂದನ್ನು ಮಾತ್ರ ಬಿಟ್ಟು ಹೋಯಿತೇ?

ಏರಿದ್ದು ನೀರಲ್ಲ, ನೆಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ (ನಿಧಾನವಾಗಿ ಜರುಗುವ ನೆಲದ ಭಾರೀ ಹಲಗೆ) ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು, ಅದರ ತಳದ ಪದರಗಳು ಮಡಚಿ ಮೇಲೆದ್ದವು. ವರ್ಷಕ್ಕೆ ಕೆಲವೇ ಮಿಲಿಮೀಟರ್. ಆದರೆ 5 ಮಿಲಿಮೀಟರ್ ಅಂದುಕೊಂಡರೂ 10 ಲಕ್ಷ ವರ್ಷಕ್ಕೆ 5 ಕಿಲೋಮೀಟರ್ ಆಯಿತಲ್ವಾ? ಮಳೆ, ಹಿಮ, ನದಿ ಸೇರಿ ಸವೆಸುತ್ತಲೇ ಇರುವುದರಿಂದ ಅದು ಇನ್ನೂ ಆಕಾಶ ಮುಟ್ಟಿಲ್ಲ.

ನೆಲ ಜರುಗುತ್ತದೆ ಎಂಬುದನ್ನು ಕಲಿತವರು ಇನ್ನೊಂದು ತಪ್ಪು ಮಾಡುತ್ತಾರೆ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಟಾರ್ಕ್ಟಿಕಾದಲ್ಲಿ ಕಾಡಿತ್ತು ಎಂದ ತಕ್ಷಣ 'ಆಗ ಅದು ಬಿಸಿ ಪ್ರದೇಶದಲ್ಲಿತ್ತು, ಆಮೇಲೆ ಜರುಗಿತು' ಎಂದುಬಿಡುತ್ತಾರೆ. 9 ಕೋಟಿ ವರ್ಷಗಳ ಹಿಂದೆಯೇ ಅದು ದಕ್ಷಿಣ ಧ್ರುವದ ಬಳಿ ಇತ್ತು! ಅಲ್ಲಿನ ಸಮುದ್ರತಳ ಕೊರೆದಾಗ ಆ ಕಾಲದ ಮರಗಳ ಬೇರು ಮಣ್ಣಿನ ಸಮೇತ ಸಿಕ್ಕಿದೆ. ಇಲ್ಲಿ ಬದಲಾದದ್ದು ಜಾಗಕ್ಕಿಂತ ಹೆಚ್ಚಾಗಿ ಗಾಳಿ. ಆಗ ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಈಗಿನದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಅದು ಇಳಿಯುತ್ತಾ ಬಂದು, ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಲ್ಲಿ ದೊಡ್ಡ ಹಿಮದ ಹಾಸು ಕಟ್ಟಿತು. ಅದಕ್ಕೂ ಮುಂಚೆ, ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನೇ ಕಾಣದ ಆ ಕತ್ತಲಲ್ಲಿ ಮರಗಳು ನಿಂತಿದ್ದವು.