ಗಾಲ್ಫ್: ಚಿಪ್ ಮಾಡುವಾಗ ಬಾಲ್ ಎಲ್ಲಿರಬೇಕು?

ಪ್ರಶ್ನೆ: ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಪಕ್ಕದಿಂದ ಚಿಪ್ ಮಾಡಿದರೆ, ಅಂದರೆ ಬಾಲನ್ನು ಸ್ವಲ್ಪ ಎತ್ತಿ ಉರುಳಿಸುವ ಸಣ್ಣ ಹೊಡೆತ ಹೊಡೆದರೆ, ಒಂದು ಸಲ ಕ್ಲಬ್ (ಹೊಡೆಯುವ ಕೋಲು) ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ಸಲ ಬಾಲಿನ ನೆತ್ತಿಗೆ ತಗುಲಿ ಬಾಲ್ ಗ್ರೀನ್ ದಾಟಿ ಓಡುತ್ತದೆ. ಬಾಲನ್ನು ಬಲಗಾಲಿನ ಹತ್ತಿರವೇ ಇಡುತ್ತೇನೆ. ನಿಲ್ಲುವುದರಲ್ಲಿ ಏನು ತಪ್ಪು?

ಉತ್ತರ: ತಪ್ಪನ್ನು ನೀವೇ ಬರೆದಿದ್ದೀರಿ. ಬಲಗಾಲಿನ ಹತ್ತಿರ! ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಮೊದಲು ನಿಲ್ಲುವ ರೀತಿ ಹೇಳಿ ಮುಗಿಸುತ್ತೇನೆ. ಎಡಗೈ ಆಟಗಾರರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಿ. ಎರಡು ಹಿಮ್ಮಡಿಗಳ ನಡುವೆ ಒಂದು ಕ್ಲಬ್ ಹೆಡ್‌ನಷ್ಟು ಜಾಗ ಸಾಕು. ಮೈತೂಕದಲ್ಲಿ ನೂರಕ್ಕೆ 60-70 ಪಾಲು ಎಡಗಾಲಿನ ಮೇಲಿರಲಿ, ಹೊಡೆದು ಮುಗಿಯುವವರೆಗೂ ಅಲ್ಲೇ ಇರಲಿ. ಗ್ರಿಪ್ಪನ್ನು (ಕ್ಲಬ್ಬಿನ ಹಿಡಿ) ಒಂದೆರಡು ಇಂಚು ಕೆಳಗೆ ಹಿಡಿಯಿರಿ. ಬಾಲ್ ನಡುವೆ, ಕೈ ಅದಕ್ಕಿಂತ ಸ್ವಲ್ಪವೇ ಮುಂದೆ, ಅಂದರೆ ಗುರಿಯ ಕಡೆ. ಅಷ್ಟೇ.

ಈಗ ಆ ಹಳೇ ನಂಬಿಕೆಗೆ ಬರೋಣ. "ಬಾಲ್ ಹಿಂದೆ, ಕೈ ಮುಂದೆ" ಅಂತ ಯಾರೋ ಹೇಳಿದ್ದನ್ನು ಎಲ್ಲರೂ ಹೇಳುತ್ತಾರೆ. ಸುಮ್ನೆ ಲೆಕ್ಕ ಹಾಕಿ ನೋಡಿ. ನಿಮ್ಮ ಸ್ಯಾಂಡ್ ವೆಜ್ಜಿನ (ಬಾಲನ್ನು ಮೇಲೆತ್ತುವ ಕ್ಲಬ್) ಲಾಫ್ಟ್, ಅಂದರೆ ಮುಖದ ಓರೆ, 56 ಡಿಗ್ರಿ, ಬೌನ್ಸ್ 12 ಅಂದುಕೊಳ್ಳಿ. ಬೌನ್ಸ್ ಅಂದರೆ ಕ್ಲಬ್ಬಿನ ತಳದ ಉಬ್ಬು. ಮುಂದಿನ ಅಂಚು ನೆಲದೊಳಗೆ ಇಳಿಯದಂತೆ ತಡೆಯುವುದು ಅದೇ. ಬಾಲನ್ನು ಹಿಂದಿಟ್ಟು ಶಾಫ್ಟನ್ನು (ಕ್ಲಬ್ಬಿನ ಉದ್ದ ಕೋಲು) 10 ಡಿಗ್ರಿ ಮುಂದಕ್ಕೆ ವಾಲಿಸಿದರೆ ಲಾಫ್ಟ್ 46ಕ್ಕೆ ಇಳಿಯಿತು, ಬೌನ್ಸ್ ಉಳಿದದ್ದು 2. ಅಮೆರಿಕದ ಆಟಗಾರ ಜೀನ್ ಸರಾಜೆನ್ ತಳ ಉಬ್ಬಿಸಿದ ಸ್ಯಾಂಡ್ ವೆಜ್ ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದದ್ದು ಆ ಉಬ್ಬು ಕೆಲಸ ಮಾಡಿದ್ದರಿಂದ. ನೀವು ಅದನ್ನು ಅಳಿಸಿ ಹಾಕಿ ಹಾರೆಯ ಹಾಗೆ ನೆಲ ಅಗೆಯುತ್ತಿದ್ದೀರಿ. ಒಂದೆರಡು ಸಲ ಅಗೆದ ಮೇಲೆ ಹೆದರಿಕೆ ಶುರು. ಹೆದರಿ ಕೈ ಮೇಲೆತ್ತುತ್ತೀರಿ, ಕ್ಲಬ್ ಬಾಲಿನ ನೆತ್ತಿಗೆ ಬೀಳುತ್ತದೆ. ನಿಮ್ಮ ಎರಡು ಕಾಯಿಲೆಗೂ ಬೇರು ಒಂದೇ.

"ಆದರೆ ಟೀವಿಯಲ್ಲಿ ದೊಡ್ಡ ಆಟಗಾರರ ಬಾಲ್ ಹಿಂದೆಯೇ ಇರುತ್ತಲ್ವಾ?" ಕಣ್ಣಿನ ಮೋಸ. ಅವರ ಎಡಪಾದದ ಬೆರಳು ಗುರಿಯ ಕಡೆ ತಿರುಗಿರುತ್ತದೆ. ಬೆರಳುಗಳಿಂದ ಅಳೆದರೆ ಬಾಲ್ ಹಿಂದೆ, ಹಿಮ್ಮಡಿಗಳಿಂದ ಅಳೆದರೆ ನಡುವೆ. ಯಾವಾಗಲೂ ಹಿಮ್ಮಡಿಯಿಂದ ಅಳೆಯಿರಿ. ಇದೊಂದನ್ನು ಅರ್ಥ ಮಾಡಿಕೊಂಡವರು ಮತ್ತೆ ಪ್ರಶ್ನೆ ಕಳಿಸಿಲ್ಲ, ಅದು ನನ್ನ ಹೆಮ್ಮೆ.

ಬಾಲ್ ಹುಲ್ಲು ಕಿತ್ತುಹೋದ ಗುಂಡಿಯಲ್ಲಿ ಕೂತಿದ್ದರೆ ಒಂದಿಷ್ಟು ಹಿಂದಿಡುವುದು ಸರಿಯೇ. ತಗ್ಗಿನಲ್ಲಿ ಹಾರಿ ಜಾಸ್ತಿ ಉರುಳಬೇಕು ಅನ್ನುವವರು ವೆಜ್ಜನ್ನು ಯಾಕೆ ಹಿಂಸಿಸುತ್ತೀರಿ? ಲಾಫ್ಟ್ ಕಡಿಮೆ ಇರುವ 8 ನಂಬರ್ ಐರನ್ ಕ್ಲಬ್ ಬ್ಯಾಗಿನಲ್ಲೇ ಇದೆ. ಅದೇ ನಿಲುವು, ಅದೇ ಸ್ವಿಂಗ್.

ಅಂದಹಾಗೆ, ಉರುಳುವ ಚಿಪ್ ಅಂದಾಗ ನೆನಪಾಯಿತು: ಗುಳಿಯಲ್ಲಿ ನಿಂತ ಫ್ಲ್ಯಾಗ್ ಕಂಬ ತೆಗೆಸಲು ಓಡಬೇಡಿ. ಗ್ರೀನ್ ಮೇಲಿಂದ ಪಟ್ ಮಾಡಿದ (ಗುಳಿಯ ಕಡೆ ಉರುಳಿಸಿದ) ಬಾಲ್ ಕಂಬಕ್ಕೆ ತಗುಲಿದರೆ ಹಿಂದೆ ದಂಡವಿತ್ತು, 2019ರ ನಿಯಮಗಳಲ್ಲಿ ಅದು ಹೋಯಿತು. ಗ್ರೀನ್ ಹೊರಗಿನಿಂದ ಹೊಡೆದು ಗುಳಿಯಲ್ಲಿ ನಿಂತ ಕಂಬಕ್ಕೆ ತಗುಲಿದರೆ ಅದಕ್ಕೆ ಮೊದಲೂ ದಂಡ ಇರಲಿಲ್ಲ. ಜೋರಾಗಿ ಹೋದ ಬಾಲನ್ನು ಎಷ್ಟೋ ಸಲ ಕಂಬವೇ ತಡೆದು ನಿಲ್ಲಿಸುತ್ತದೆ. ಅದು ನಿಮ್ಮ ಕಡೆ ವಾಲಿದ್ದರೆ ಮಾತ್ರ ಹೋಗಿ ನೆಟ್ಟಗೆ ನಿಲ್ಲಿಸಿ ಬನ್ನಿ, ನಿಯಮ ಅಷ್ಟಕ್ಕೆ ಬಿಡುತ್ತದೆ.