ಕಡ್ಡಿ ರಾಶಿಯಲ್ಲಿ ಒಂದು ಡಬ್ಬಿ

ಬ್ಯಾಡಗಿಯ ನಮ್ಮ ಕಾಕಾಗೆ ಹೋದ ವರ್ಷ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ತೂಗಿಸುತ್ತಿದ್ದಾಗ ಎದೆ ಹಿಡಿದ ಹಾಗಾಯಿತು. ಮೈಯೆಲ್ಲ ಬೆವರು. "ಏನೂ ಆಗಿಲ್ಲಪಾ, ಗ್ಯಾಸ್ ಆಗೇತಿ. ಮುಂಜಾನೆ ಮಿರ್ಚಿ ತಿಂದಿದ್ದೆ" ಅಂದರು. ಹತ್ತಿರದ ಒಂದು ಕ್ಲಿನಿಕ್ಕಿನವರೂ ಗ್ಯಾಸ್ ಅಂತಲೇ ಗುಳಿಗೆ ಕೊಟ್ಟು ಕಳಿಸಿದರು. ಕಾಕು ಮಾತ್ರ ಒಪ್ಪಲಿಲ್ಲ. ಗಾಡಿ ಮಾಡಿಸಿ ಹುಬ್ಬಳ್ಳಿಗೆ ಕರೆದುಕೊಂಡು ಬಂದರು.

ಇಸಿಜಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ರಕ್ತ ತೆಗೆದು ಟ್ರೋಪೋನಿನ್ ನೋಡಿದರು: 11. ಆ ಕಿಟ್‌ಗೆ ಗೆರೆ ಇರುವುದು 14ಕ್ಕೆ, ಅದನ್ನು ದಾಟಿದರೆ ಹೃದಯಕ್ಕೆ ಪೆಟ್ಟು ಬಿದ್ದಿರುವ ಅನುಮಾನ. "ನಾ ಮೊದ್ಲ ಹೇಳಿದ್ದೆ ಇಲ್ಲೋ" ಎನ್ನುತ್ತ ಕಾಕಾ ಚಪ್ಪಲಿ ಹುಡುಕತೊಡಗಿದರು. ಡ್ಯೂಟಿ ಡಾಕ್ಟರ್ ಬಿಡಲಿಲ್ಲ. ಮೂರು ತಾಸು ಬಿಟ್ಟು ಮತ್ತೆ ರಕ್ತ ತೆಗೆದರು: 96.

ಟ್ರೋಪೋನಿನ್ ಒಂದು ಪ್ರೋಟೀನ್. ಹೃದಯದ ಸ್ನಾಯುವಿನ ಒಳಗೆ ಅದು ಅಗುಳಿಯ ಹಾಗೆ ಕೂತಿರುತ್ತದೆ. ಕ್ಯಾಲ್ಸಿಯಂ ಬಂದರೆ ಅಗುಳಿ ಸರಿಯುತ್ತದೆ, ಸ್ನಾಯು ಬಿಗಿಯುತ್ತದೆ, ಒಂದು ಬಡಿತ ಆಗುತ್ತದೆ. ಅದರ ಕೆಲಸವೆಲ್ಲ ಜೀವಕೋಶದ ಒಳಗೇ, ರಕ್ತದಲ್ಲಿ ಅದಕ್ಕೇನೂ ಕೆಲಸವಿಲ್ಲ. ರಕ್ತನಾಳ ಕಟ್ಟಿಕೊಂಡು ಜೀವಕೋಶ ಸಾಯತೊಡಗಿದಾಗ ಅದು ಸೋರಿ ಹೊರಗೆ ಬರುತ್ತದೆ. ಸೋರಿದ್ದು ರಕ್ತಕ್ಕೆ ಬಂದು ಎಣಿಕೆಗೆ ಸಿಗಬೇಕಾದರೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಮೊದಲ 11 ಸುಳ್ಳೇನಲ್ಲ, ಬೇಗ ನೋಡಿದ್ದು ಅಷ್ಟೇ.

ಈ 14 ಅಂದರೆ ಲೀಟರಿಗೆ 14 ನ್ಯಾನೋಗ್ರಾಂ. ಒಂದು ಗ್ರಾಂ ಅನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಗ್ರಾಂ. ಅದೇ ಒಂದು ಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ನೀರಿನಂಥ ಭಾಗದಲ್ಲಿ, ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನ್ ಸುಮಾರು 40 ಗ್ರಾಂ ಇರುತ್ತದೆ. ಕಾಕಾಗೆ ನಾನು ಮೆಣಸಿನಕಾಯಿ ಲೆಕ್ಕದಲ್ಲೇ ಹೇಳಿದೆ. ಒಣಗಿದ ಕಾಯಿ ಒಂದು ಗ್ರಾಂ ತೂಗುತ್ತದೆ ಅಂದುಕೊಳ್ಳಿ. ಸುಮಾರು 28 ಸಾವಿರ ಕ್ವಿಂಟಲ್ ರಾಶಿಯಲ್ಲಿ ಆ ಒಂದೇ ಒಂದು ಕಾಯಿ ಎಲ್ಲಿದೆ ಅಂತ ಹುಡುಕಬೇಕು.

"ಬಣ್ಣ ಬ್ಯಾರೆ ಐತೇನು?" ಅಂತ ಕೇಳಿದರು. ವ್ಯಾಪಾರಿಯ ಪ್ರಶ್ನೆ, ಆದರೆ ವಿಜ್ಞಾನಿಗಳನ್ನು ಕಾಡಿದ್ದೂ ಇದೇ. ಯಾಕೆಂದರೆ ಟ್ರೋಪೋನಿನ್ ಕೈಕಾಲಿನ ಸ್ನಾಯುವಿನಲ್ಲೂ ಇದೆ. ಎರಡಕ್ಕೂ ವ್ಯತ್ಯಾಸ ಕಡ್ಡಿ ಕಾಯಿಗೂ ಡಬ್ಬಿ ಕಾಯಿಗೂ ಇರುವಷ್ಟು. ಎರಡೂ ಬ್ಯಾಡಗಿ ಮೆಣಸಿನಕಾಯಿಯೇ, ಆದರೆ ಕಡ್ಡಿ ತೆಳ್ಳಗೆ ಉದ್ದ, ಡಬ್ಬಿ ಗಿಡ್ಡ ದಪ್ಪ. ಮನೆ ಒಂದೇ, ಮೈಕಟ್ಟು ಬೇರೆ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯೂಗೋ ಕಾಟುಸ್ ಮತ್ತು ಜೊತೆಗಾರರು ಟ್ರೋಪೋನಿನ್ನಿನ ಒಂದು ಭಾಗವಾದ ಟ್ರೋಪೋನಿನ್ ಟಿಯನ್ನು ಅಳೆಯುವ ಮೊದಲ ಪರೀಕ್ಷೆ ತಂದಾಗ ಅದು ಕೆಲವೊಮ್ಮೆ ಕೈಕಾಲಿನ ಸ್ನಾಯುವಿನದ್ದನ್ನೂ ಹಿಡಿದುಬಿಡುತ್ತಿತ್ತು. ಆಮೇಲೆ ಆಂಟಿಬಾಡಿ ಬದಲಿಸಿ ಸರಿ ಮಾಡಿದರು.

ಆಂಟಿಬಾಡಿ ಅಂದರೆ ಹೊರಗಿನಿಂದ ಬಂದದ್ದನ್ನು ಗುರುತಿಸಿ ಹಿಡಿಯಲು ಮೈ ತಯಾರಿಸುವ ಪ್ರೋಟೀನ್. ಕಾಯಿ ಆರಿಸುವ ಬೆರಳು ಇದೇ. ಒಂದೇ ಪ್ರೋಟೀನನ್ನು ಗುರುತಿಸುವ ಒಂದೇ ತರದ ಆಂಟಿಬಾಡಿಗಳನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ತೋರಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಈಗಿನ ಯಂತ್ರದಲ್ಲಿ ಒಂದು ಆಂಟಿಬಾಡಿ ಟ್ರೋಪೋನಿನ್ನನ್ನು ಒಂದು ಕಡೆಯಿಂದ ಹಿಡಿಯುತ್ತದೆ, ಇನ್ನೊಂದು ಬೇರೆ ಕಡೆಯಿಂದ. ಎರಡನೆಯದರ ಮೈಗೆ ರುಥೇನಿಯಂ ಎಂಬ ಲೋಹ ಕಟ್ಟಿರುತ್ತಾರೆ. ಉಳಿದದ್ದೆಲ್ಲ ತೊಳೆದುಹೋದ ಮೇಲೆ ಸ್ವಲ್ಪ ವಿದ್ಯುತ್ ಕೊಟ್ಟರೆ ಅದು ಬೆಳಕು ಬಿಡುತ್ತದೆ. ಯಂತ್ರ ಎಣಿಸುವುದು ಆ ಬೆಳಕನ್ನು. ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಇರುವ ಡೆಂಗಿಯ ಎನ್‌ಎಸ್‌1 ಪರೀಕ್ಷೆಯೂ ಇದೇ ಜಾತಿಯದು. ಅಲ್ಲಿ ಹಿಡಿಯುವುದು ವೈರಸ್ಸಿನ ಪ್ರೋಟೀನನ್ನು, ಅದೂ ಜ್ವರದ ಮೊದಲ ದಿನಗಳಲ್ಲೇ.

ಧಾರವಾಡದಲ್ಲಿ ಇಂಜಿನಿಯರಿಂಗ್ ಓದುವ ಕಾಕಾನ ಮಗ ಇನ್ನೊಂದು ಕೇಳಿದ. ಶುಗರ್ ನೋಡಲು ತೋಳಿಗೆ ಅಂಟಿಸುವ ಸೆನ್ಸರ್ ಬಂದಿದೆ, ಇದಕ್ಕೂ ಒಂದು ಅಂಟಿಸಿಬಿಟ್ಟರೆ ಆಗಲ್ವಾ? ಒಳ್ಳೆ ಪ್ರಶ್ನೆ. ಗ್ಲೂಕೋಸ್ ಲೀಟರಿಗೆ ಸುಮಾರು ಒಂದು ಗ್ರಾಂ ಇರುತ್ತದೆ, ಅಂದರೆ ಟ್ರೋಪೋನಿನ್ನಿನ ಆ ಗೆರೆಗಿಂತ 7 ಕೋಟಿ ಪಟ್ಟು ಜಾಸ್ತಿ. ಅದಿರಲಿ, ದೊಡ್ಡ ತೊಡಕು ಬೇರೆಯೇ. ಶುಗರ್ ಸೆನ್ಸರಿನಲ್ಲಿ ಇರುವುದು ಕಿಣ್ವ. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ತೋರಿಸಿದ ಉಪಾಯ ಅದು. ಕಿಣ್ವ ಒಂದು ಗ್ಲೂಕೋಸನ್ನು ಹಿಡಿಯುತ್ತದೆ, ಕೆಲಸ ಮುಗಿಸಿ ಬಿಡುತ್ತದೆ, ಮುಂದಿನದಕ್ಕೆ ಕೈ ಚಾಚುತ್ತದೆ. ಆಂಟಿಬಾಡಿ ಹಾಗಲ್ಲ, ಹಿಡಿದರೆ ಬಿಡುವ ಪೈಕಿ ಅಲ್ಲ. ಸೀಟು ತುಂಬಿದ ಮೇಲೆ ಸೆನ್ಸರ್ ಸುಮ್ನೆ ಕೂರುತ್ತದೆ. ಮೇಲಿಂದ ಆಲ್ಬುಮಿನ್ ಬಂದು ಜಿಡ್ಡಿನ ಹಾಗೆ ಮೆತ್ತಿಕೊಳ್ಳುತ್ತದೆ. 2024ರಲ್ಲಿ ಅಮೆರಿಕದ ಸಂಶೋಧಕರು ಆಂಟಿಬಾಡಿ ಬದಲು ಡಿಎನ್‌ಎ ಎಳೆ ಬಳಸಿದರು. ವಿದ್ಯುತ್ತನ್ನು ಹಿಂದೆ ಮುಂದೆ ಮಾಡಿ, ಮೊರದಲ್ಲಿ ಕೇರಿದ ಹಾಗೆ ಹಿಡಿದದ್ದನ್ನು ಕೊಡವಿ ಹಾಕಿದರು. ಉರಿಯೂತದ ಪ್ರೋಟೀನುಗಳನ್ನು ಹೀಗೆ ಮತ್ತೆ ಮತ್ತೆ ಅಳೆದದ್ದು ಇಲಿಗಳ ಮೈಯಲ್ಲಿ. ಮನುಷ್ಯರ ತೋಳಿಗೆ ಬರಲು ಇನ್ನೂ ದಾರಿ ಇದೆ.

ಬಂದರೂ ನನಗೊಂದು ಅನುಮಾನ. ಗದಗಿನಲ್ಲಿ ಶಿಬಿರ ಹಾಕಿ 1,000 ಜನರನ್ನು ಯಾವುದೋ ಕಾಯಿಲೆಗೆ ನೋಡಿದೆವು ಅನ್ನಿ. ನಿಜವಾಗಿ ಕಾಯಿಲೆ ಇರುವವರು 10 ಮಂದಿ. ಪರೀಕ್ಷೆ 100ಕ್ಕೆ 95 ಸಲ ಸರಿ ಹೇಳುತ್ತದೆ. ಕಾಯಿಲೆ ಇರುವವರಲ್ಲಿ 9 ಅಥವಾ 10 ಮಂದಿ ಸಿಗುತ್ತಾರೆ. ಇಲ್ಲದ 990 ಮಂದಿಯಲ್ಲೂ ಸುಮಾರು 50 ಜನಕ್ಕೆ "ಇದೆ" ಅಂತ ಬರುತ್ತದೆ. ಆ 50 ಮನೆಗಳಲ್ಲಿ ಅವತ್ತು ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ, ಅಲ್ವಾ? ಟ್ರೋಪೋನಿನ್ ಕೂಡ ಕಿಡ್ನಿ ಕೆಟ್ಟಾಗ, ಜೋರು ಸೋಂಕಿನಲ್ಲಿ ಏರುತ್ತದೆ. ಅದಕ್ಕೇ ಡಾಕ್ಟರು ಒಂದೇ ಸಂಖ್ಯೆ ನೋಡಿ ತೀರ್ಮಾನ ಮಾಡಲಿಲ್ಲ. ಮೂರು ತಾಸಿನಲ್ಲಿ ಅದು ಎಷ್ಟು ಏರಿತು ಅಂತ ನೋಡಿದರು.

ಇದು ಕಾಕಾಗೆ ನನಗಿಂತ ಬೇಗ ಅರ್ಥವಾಯಿತು. "ಒಂದ ದಿನದ ರೇಟ್ ನೋಡಿ ಮಾಲ ಮಾರ್ತಾರೇನು?" ಅಂದರು. ಸ್ಟೆಂಟ್ ಹಾಕಿಸಿಕೊಂಡು ಎರಡು ತಿಂಗಳಾದ ಮೇಲೆ ಮತ್ತೆ ಅಳೆಸಿದಾಗ 9 ಬಂತು. ಅದನ್ನು ತಮ್ಮ ಡೈರಿಯಲ್ಲಿ, ಅವತ್ತಿನ ಡಬ್ಬಿ ರೇಟಿನ ಪಕ್ಕ, ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ.